ಬ್ರಿಟನ್ನಿನ ಜನ ಆಗೆಲ್ಲ ಏನು ಓದುತ್ತಿದ್ದರು? ಪದೇ ಪದೇ ಕೇಳುವವರಿಗೆ ನನ್ನ ಉತ್ತರ

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತೇನೆ. ಇದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮಾಮೂಲಿ ಜನ ಕೂಡ ಶೇಕ್ಸ್‌ಪಿಯರ್, ಜೇನ್ ಆಸ್ಟೆನ್, ಡಿಕನ್ಸ್ ಎಲ್ಲಾ ಓದ್ತಿದ್ರಂತಲ್ಲ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲ, ಹಾಗೆ ಓದುತ್ತಿರಲಿಲ್ಲ. ಶೇಕ್ಸ್‌ಪಿಯರ್‌ನ ಕಾಲದ ಮಾಮೂಲಿ ಜನ ಅವನ ನಾಟಕ ನೋಡಿದರು. ಗ್ಲೋಬ್ ರಂಗಮಂದಿರದ ಅಂಗಳದಲ್ಲಿ ನಿಂತು ನೋಡಲು ಒಂದು ಪೆನ್ನಿ ಸಾಕಿತ್ತು. ಅವನ 36 ನಾಟಕಗಳನ್ನು ಸೇರಿಸಿದ ದಪ್ಪ ಪುಸ್ತಕ 1623ರಲ್ಲಿ ಬಂತು. ಬೆಲೆ ಒಂದು ಪೌಂಡಿನ ಆಸುಪಾಸು. ಪೌಂಡಿಗೆ 240 ಪೆನ್ನಿ. ಕೂಲಿ ಮಾಡುವವನು ಯಾವುದನ್ನು ಆರಿಸುತ್ತಾನೆ, ನೀವೇ ಹೇಳಿ.

ಹಾಗಾದರೆ ಮನೆಯಲ್ಲಿ ಏನಿತ್ತು? ಬೈಬಲ್ ಇತ್ತು, ಪ್ರಾರ್ಥನೆಯ ಪುಸ್ತಕ ಇತ್ತು. ಇವು ಬಿಟ್ಟರೆ ಆಲ್ಮನಾಕ್. ನಮ್ಮ ಒಂಟಿಕೊಪ್ಪಲ್ ಪಂಚಾಂಗದ ಹಾಗೆ ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆ, ಹಬ್ಬ, ಜಾತ್ರೆಗಳ ದಿನ, ಮಳೆ ಗಾಳಿಯ ಭವಿಷ್ಯ ಎಲ್ಲ ಇರುತ್ತಿತ್ತು. 1660ರ ದಶಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಆಲ್ಮನಾಕ್ ಮಾರಾಟವಾಗುತ್ತಿದ್ದವು. ಅಂದರೆ ಹೆಚ್ಚುಕಡಿಮೆ ಮೂರು ಮನೆಗೊಂದು.

ಆಮೇಲೆ ಚಾಪ್‌ಬುಕ್. ಸಣ್ಣ ಪುಸ್ತಕ, ಒರಟು ಕಾಗದ, ಮರದ ಅಚ್ಚಿನ ಚಿತ್ರ. ಬಹಳಷ್ಟು 24 ಪುಟದವು, ಬೆಲೆ ಒಂದೆರಡು ಪೆನ್ನಿ. ಸೂಜಿ, ದಾರ, ರಿಬ್ಬನ್ ಹೊತ್ತು ಊರೂರು ಸುತ್ತುವ ವ್ಯಾಪಾರಿಗಳೇ ಇವನ್ನೂ ಮಾರುತ್ತಿದ್ದರು. ರಾಕ್ಷಸರನ್ನು ಕೊಲ್ಲುವ ಜಾಕ್, ಹೆಬ್ಬೆರಳಷ್ಟು ಎತ್ತರದ ಟಾಮ್, ವೀರ ಗೈ ಆಫ್ ವಾರ್ವಿಕ್ ಎಲ್ಲ ಇದರಲ್ಲೇ ಹಳ್ಳಿ ತಲುಪಿದರು. 1664ರಲ್ಲಿ ಚಾರ್ಲ್ಸ್ ಟಯಸ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿಯ ಆಸ್ತಿ ಪಟ್ಟಿ ಮಾಡಿದಾಗ ಇಂಥ ಪುಟ್ಟ ಪುಸ್ತಕಗಳೇ ಸುಮಾರು 90 ಸಾವಿರ ಸಿಕ್ಕವು. ಒಬ್ಬನ ಹತ್ತಿರ!

ಇದನ್ನು ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. "ಓ, ಅಗ್ಗದ ಸಾಹಿತ್ಯ" ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಜಾನ್ ಬನಿಯನ್ ಪಾತ್ರೆ ಬೆಸುಗೆ ಹಾಕುವವನ ಮಗ. ಚಿಕ್ಕಂದಿನಲ್ಲಿ ಬೈಬಲ್ ಬಿಟ್ಟು ಲಾವಣಿ, ವೀರರ ಕಥೆಗಳ ಹಿಂದೆ ಬಿದ್ದಿದ್ದೆ ಎಂದು ಮುಂದೆ ಅವನೇ ಪಶ್ಚಾತ್ತಾಪಪಟ್ಟು ಬರೆದ. ಆದರೆ 1678ರಲ್ಲಿ ಅವನ ಹೆಸರಾಂತ ಧಾರ್ಮಿಕ ಕಥೆ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಅಚ್ಚಾಗಿ ಬಂದಾಗ ಅದರಲ್ಲಿ ರಾಕ್ಷಸರೂ ಬಂದರು, ಕೋಟೆ ಕೊತ್ತಲವೂ ಬಂತು. ಆ ಅಗ್ಗದ ಕಥೆಗಳನ್ನು ಅವನು ಬಿಟ್ಟರೂ ಅವು ಅವನನ್ನು ಬಿಡಲಿಲ್ಲ. ಇನ್ನು ಸ್ಯಾಮುಯೆಲ್ ಪೀಪ್ಸ್ ನೌಕಾಪಡೆಯ ದೊಡ್ಡ ಅಧಿಕಾರಿ, ದುಡ್ಡಿದ್ದವನು. ಅವನು ಪೆನ್ನಿ ಪುಸ್ತಕಗಳನ್ನು ಆರಿಸಿ ತಂದು, ಬೈಂಡ್ ಮಾಡಿಸಿ, ತನ್ನ ಗ್ರಂಥಭಂಡಾರದಲ್ಲಿ ಇಟ್ಟುಕೊಂಡ. ಕೇಂಬ್ರಿಡ್ಜ್‌ನಲ್ಲಿ ಅವು ಇವತ್ತಿಗೂ ಇವೆ. ನಿಘಂಟು ಬರೆದ ಸ್ಯಾಮುಯೆಲ್ ಜಾನ್ಸನ್‌ಗೂ ಹಳೇ ವೀರರ ಕಥೆಗಳೆಂದರೆ ಕೊನೆಯವರೆಗೂ ಪ್ರಾಣ. ಪಂಡಿತರು ಓದುವುದು ಒಂದು ಕಡೆ, ಪಾಮರರು ಓದುವುದು ಇನ್ನೊಂದು ಕಡೆ ಎಂಬ ಗೋಡೆಯನ್ನು ನಾವು ಆಮೇಲೆ ಕಟ್ಟಿದ್ದು.

ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರು ಇದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಉತ್ತರವನ್ನೂ ಹೇಳಿದರು. "ಅಲ್ಲಿ ಎಲ್ಲರೂ ಓದ್ತಿದ್ರಮ್ಮಾ, ನಮ್ಮವರಿಗೆ ಓದುವ ಸಂಸ್ಕಾರವೇ ಇಲ್ಲ." ಬಡಿಸುತ್ತಿದ್ದ ಹುಡುಗನ ಕಡೆಗೂ ಕೈ ತೋರಿಸಿದರು. ಆ ಹುಡುಗ ಏನು ಓದುತ್ತಾನೆ ಎಂದು ಅವರು ಕೇಳಿರಲಿಲ್ಲ. ನಾನು ಊಟ ಬಿಟ್ಟು ವಾದಕ್ಕಿಳಿದೆ. ಎಲ್ಲರೂ ಅಂದರೆ ಯಾರು ಸಾರ್? 1840ರ ಸುಮಾರಿಗೆ ಇಂಗ್ಲೆಂಡಿನ ಮದುವೆ ರಿಜಿಸ್ಟರ್‌ಗಳಲ್ಲಿ ಮದುಮಗಂದಿರಲ್ಲಿ ಮೂರರಲ್ಲಿ ಒಬ್ಬ, ಮದುಮಗಳಂದಿರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸಹಿ ಹಾಕಲು ಬಾರದೆ ಗುರುತು ಹಾಕಿದ್ದಾರೆ. ಓದು ಮೊದಲು, ಬರವಣಿಗೆ ಆಮೇಲೆ ಕಲಿಸುತ್ತಿದ್ದರಿಂದ ಅವರಲ್ಲಿ ಕೆಲವರಿಗೆ ಓದಲು ಬರುತ್ತಿತ್ತು, ನಿಜ. ಆದರೂ ಅದು 'ಎಲ್ಲರೂ' ಆಗುವುದಿಲ್ಲ. ಸರ್ಕಾರ ಶಾಲೆಗಳಿಗೆ ಕಾನೂನು ಮಾಡಿದ್ದೇ 1870ರಲ್ಲಿ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಪುಸ್ತಕಕ್ಕೆ ಎಷ್ಟು ದುಡ್ಡಿತ್ತು? ಇದನ್ನು ಕೇಳಿದರೆ ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತದೆ.

ಜೇನ್ ಆಸ್ಟೆನ್‌ಳ 'ಎಮ್ಮಾ' 1815ರ ಕೊನೆಯಲ್ಲಿ ಬಂತು. ಮೂರು ಸಂಪುಟ, 21 ಶಿಲಿಂಗ್. ಒಂದು ಶಿಲಿಂಗ್ ಅಂದರೆ 12 ಪೆನ್ನಿ. ಹೊಲದ ಕೂಲಿಯವನ ವಾರದ ದುಡಿಮೆ ಹತ್ತು ಶಿಲಿಂಗಿನ ಆಸುಪಾಸು. ಅಚ್ಚಾದ 2,000 ಪ್ರತಿಗಳಲ್ಲಿ ನಾಲ್ಕು ವರ್ಷವಾದರೂ 539 ಉಳಿದಿದ್ದವು. ಅವನ್ನು ಎರಡೆರಡು ಶಿಲಿಂಗಿಗೆ ತಳ್ಳಿದರು. ಇನ್ನೊಂದು ಕಡೆ, 1828ರಲ್ಲಿ ಪ್ರೇಯಸಿಯನ್ನು ಕೊಂದ ವಿಲಿಯಂ ಕಾರ್ಡರ್‌ನನ್ನು ಗಲ್ಲಿಗೆ ಹಾಕಿದಾಗ ಅವನ 'ಕೊನೇ ಮಾತು' ಎಂದು ಒಂದು ಹಾಳೆ ಬಂತು. ಅದು 11 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತೆಂದು ಆ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಜನರಿಗೆ ರುಚಿ ಇರಲಿಲ್ಲ ಎಂದು ಇದರಿಂದ ತೀರ್ಮಾನ ಮಾಡಬೇಡಿ. ಕೈಗೆ ಎಟುಕಿದ್ದು ಆ ಹಾಳೆ, ಅಷ್ಟೇ.

ಎಟುಕಿದಾಗ ಏನಾಯಿತು ನೋಡಿ. 1774ರಲ್ಲಿ ಪ್ರಕಾಶಕರಿಗೆ ಶಾಶ್ವತ ಹಕ್ಕು ಇಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಹಳೇ ಕವಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾಯಿತು. ಮಿಲ್ಟನ್ ಅಗ್ಗವಾದ. ಕುಶಲಕರ್ಮಿಗಳು, ಮನೆಗೆಲಸದವರು ಕೊಂಡು ಓದಿದರು. ಆದರೆ ಆಗ ಬದುಕಿದ್ದ ವರ್ಡ್ಸ್‌ವರ್ತ್‌ನ 'ದಿ ಎಕ್ಸ್‌ಕರ್ಷನ್' 1814ರಲ್ಲಿ ಎರಡು ಗಿನಿ, ಅಂದರೆ 42 ಶಿಲಿಂಗ್. ಅಚ್ಚಾದದ್ದೇ 500 ಪ್ರತಿ. ನಾವು ಇವತ್ತು ಆ ಕಾಲದ ಸಾಹಿತ್ಯ ಎಂದು ಪಾಠ ಮಾಡುವುದು ಆ ಕಾಲದ ಬಡವರ ಕೈಗೆ ಸಿಗಲೇ ಇಲ್ಲ. ಅವರು ತಮ್ಮ ಮುತ್ತಜ್ಜಂದಿರ ಕಾಲದ ಕವಿಗಳನ್ನು ಓದುತ್ತಿದ್ದರು.

ಮಧ್ಯಮವರ್ಗದವರೂ ಕಾದಂಬರಿ ಕೊಳ್ಳುತ್ತಿದ್ದದ್ದು ಕಡಿಮೆ, ಎರವಲು ತರುತ್ತಿದ್ದದ್ದೇ ಜಾಸ್ತಿ. 1842ರಲ್ಲಿ ಶುರುವಾದ ಮ್ಯೂಡಿ ಲೈಬ್ರರಿಗೆ ವರ್ಷಕ್ಕೆ ಒಂದು ಗಿನಿ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ. ಮೂರು ಸಂಪುಟದ ಕಾದಂಬರಿಯಾದರೆ ಏಕಕಾಲಕ್ಕೆ ಮೂವರಿಗೆ ಕೊಡಬಹುದು. ಅದಕ್ಕೇ ಕಾದಂಬರಿಕಾರರು ಎಳೆದು ಎಳೆದು ಬರೆದರು. 1894ರಲ್ಲಿ ಲೈಬ್ರರಿಗಳೇ ಇಂಥವು ಬೇಡ ಎಂದ ಮೇಲೆ ಮೂರು ಸಂಪುಟದ ಪದ್ಧತಿ ಕೆಲವೇ ವರ್ಷದಲ್ಲಿ ನಿಂತುಹೋಯಿತು.

ಡಿಕನ್ಸ್ ಬಗ್ಗೆ ಕೇಳುತ್ತೀರಲ್ಲ, ಅವನ ತಿಂಗಳ ಕಂತಿಗೆ ಒಂದು ಶಿಲಿಂಗ್. ಅದೇ ಕಾಲದಲ್ಲಿ ಜಿ. ಡಬ್ಲ್ಯು. ಎಂ. ರೆನಾಲ್ಡ್ಸ್ ವಾರಕ್ಕೊಂದು ಪೆನ್ನಿಗೆ ಕಥೆ ಕೊಟ್ಟ. 1844ರಿಂದ 'ದಿ ಮಿಸ್ಟರೀಸ್ ಆಫ್ ಲಂಡನ್'. ಕೊಲೆ, ಕಳ್ಳತನ, ಶ್ರೀಮಂತರ ಹುಳುಕು, ನಡುನಡುವೆ ಬಡವರ ಹಸಿವಿನ ಬಗ್ಗೆ ಸಿಟ್ಟಿನ ಮಾತು. ಕಾರ್ಮಿಕರಿಗೆ ಮತದಾನದ ಹಕ್ಕು ಬೇಕೆಂದು 1848ರಲ್ಲಿ ಟ್ರಾಫಲ್ಗರ್ ಚೌಕದಲ್ಲಿ ಭಾಷಣ ಮಾಡಿದವನು ಅವನು. 1879ರಲ್ಲಿ ಸತ್ತಾಗ ಪುಸ್ತಕ ವ್ಯಾಪಾರಿಗಳ ಪತ್ರಿಕೆ ಅವನನ್ನು ನಮ್ಮ ಕಾಲದ ಅತಿ ಜನಪ್ರಿಯ ಲೇಖಕ ಎಂದು ಕರೆಯಿತು. ನಮ್ಮ ಪಠ್ಯದಲ್ಲಿ ಅವನ ಹೆಸರೇ ಇಲ್ಲ. ಭಾರತದಲ್ಲೂ ಅವನನ್ನು ಮುಗಿಬಿದ್ದು ಓದಿದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಮೊದಲ ಕಾದಂಬರಿ ರೆನಾಲ್ಡ್ಸ್‌ನ ಕಥೆಯನ್ನು ಹಿಡಿದು ಬರೆದದ್ದು. ಅದೇ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಮುಂದೆ ಗಳಗನಾಥರು ಕನ್ನಡಕ್ಕೆ ತಂದರು.

ಕೊನೆಗೆ, ಬಡವರು ಗಂಭೀರವಾದದ್ದನ್ನು ಓದಲೇ ಇಲ್ಲ ಎಂದು ಹೇಳುವವರಿಗೂ ಒಂದು ಮಾತು. ಸ್ಕಾಟ್ಲೆಂಡಿನ ಲೆಡ್‌ಹಿಲ್ಸ್‌ನಲ್ಲಿ 1741ರಲ್ಲೇ ಸೀಸದ ಗಣಿ ಕಾರ್ಮಿಕರು ಚಂದಾ ಹಾಕಿ ಲೈಬ್ರರಿ ಕಟ್ಟಿಕೊಂಡರು. ಸ್ಕಾಟ್ಲೆಂಡಿನಲ್ಲೇ ಇನ್ನರ್‌ಪೆಫ್ರೇ ಎಂಬ ಹಳ್ಳಿ ಕಡೆ ಒಂದು ಹಳೇ ಲೈಬ್ರರಿ ಇದೆ. ಸುತ್ತಮುತ್ತಲಿನವರಿಗೆ ದುಡ್ಡಿಲ್ಲದೆ ಪುಸ್ತಕ ಕೊಡುತ್ತಿದ್ದರು. ಯಾರು, ಯಾವತ್ತು, ಯಾವ ಪುಸ್ತಕ ಒಯ್ದರು ಎಂಬ ರಿಜಿಸ್ಟರ್ 1747ರಿಂದ ಉಳಿದುಕೊಂಡಿದೆ. ಅದರಲ್ಲಿ ಕೈಕಸುಬಿನವರ ಹೆಸರಿದೆ, ವಿದ್ಯಾರ್ಥಿಗಳ ಹೆಸರಿದೆ. ಒಯ್ದದ್ದು ಧರ್ಮೋಪದೇಶ, ಇತಿಹಾಸ. ಯಾರು ಏನು ಓದುತ್ತಿದ್ದರು ಎಂದು ನಿಜವಾಗಿ ತಿಳಿಯಬೇಕಾದರೆ ನನ್ನನ್ನು ಕೇಳಬೇಡಿ, ಇಂಥ ರಿಜಿಸ್ಟರ್‌ಗಳನ್ನು ನೋಡಿ.