ಬಿಲ್ಲಿನ ಕೊನೆಯ ಎರಡು ಸಾಲು

ನಿನ್ನೆ ಮುಂಬೈನ ಮಾಟುಂಗದಲ್ಲಿ ಇಡ್ಲಿ-ಕಾಪಿ ಮುಗಿಸಿ ಬಿಲ್ಲು ನೋಡ್ತಾ ಕೂತಿದ್ದೆ. ಸಿಜಿಎಸ್‌ಟಿ, ಅಂದರೆ ಕೇಂದ್ರದ ಪಾಲಿನ ತೆರಿಗೆ, ಎರಡೂವರೆ ಪರ್ಸೆಂಟು; ಎಸ್‌ಜಿಎಸ್‌ಟಿ, ರಾಜ್ಯದ ಪಾಲು, ಎರಡೂವರೆ. ಎದುರಿಗೆ ಮಾವ, ಜೀವಮಾನವೆಲ್ಲ ಫೋರ್ಟಿನ ಹೋಟೆಲಿನ ಗಲ್ಲಾದಲ್ಲಿ ಕಳೆದವರು. "ಅಲ್ಟಾಮೌಂಟ್ ರೋಡಿನ ಕೋಟ್ಯಧಿಪತಿ ಬಂದು ತಿಂದರೂ ಇಷ್ಟೇ ಮಾರಾಯ, ಟೇಬಲ್ ಒರೆಸುವ ಹುಡುಗ ತಿಂದರೂ ಇಷ್ಟೇ" ಅಂದರು.

ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಅದೇ ಯೋಚನೆ. ಸಂಬಳಕ್ಕಾದರೆ ಆದಾಯ ತೆರಿಗೆಯ ಮೇಲಿನ ಸ್ಲ್ಯಾಬು 30%, ಕೋಟಿಗಟ್ಟಲೆ ಇದ್ದರೆ ಅದರ ಮೇಲೆ ಸರ್‌ಚಾರ್ಜು. ಆದರೆ ಭಾರೀ ಕುಳಗಳ ದುಡ್ಡು ಸಂಬಳದಲ್ಲಿ ಎಲ್ಲಿರುತ್ತೆ? ಷೇರಿನಲ್ಲಿ. ವರ್ಷ ದಾಟಿಸಿ ಮಾರಿದರೆ ಲಾಭಕ್ಕೆ 12.5%. ಮಾರದೇ ಇಟ್ಟುಕೊಂಡರೆ, ಬೆಲೆ ಎಷ್ಟೇ ಏರಲಿ, ಸೊನ್ನೆ. ಮಕ್ಕಳಿಗೆ ಬಿಟ್ಟುಹೋದರೂ ಸೊನ್ನೆ, ಪಿತ್ರಾರ್ಜಿತದ ತೆರಿಗೆ 1985ರಲ್ಲೇ ಹೋಯಿತು.

1957ರಿಂದ ಸಂಪತ್ತು ತೆರಿಗೆ ಅಂತ ಒಂದಿತ್ತು. 2015ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಮಂತ್ರಿ ಜೇಟ್ಲಿ ತೆಗೆದರು. 2013-14ರಲ್ಲಿ ಇಡೀ ದೇಶದಿಂದ ಬಂದದ್ದು ಬರೀ 1,008 ಕೋಟಿ. ಬಂದೀತಾದರೂ ಹೇಗೆ? ಬಂಗಾರ, ಕಾರು, ಖಾಲಿ ಸೈಟು ಲೆಕ್ಕಕ್ಕಿತ್ತು, ಷೇರು ಇರಲಿಲ್ಲ. ಬಲೆಯ ತೂತೇ ತಿಮಿಂಗಿಲದಷ್ಟು ದೊಡ್ಡದು.

ಭಾರೀ ಕುಳಗಳಿಗೆ ತೆರಿಗೆ ಹೆಚ್ಚು ಹಾಕಬೇಕು ಅಂತಲೇ ನನ್ನ ಮನಸ್ಸು. ಮಾವ ಮಾತ್ರ ಒಪ್ಪಲಿಲ್ಲ. ಎಪ್ಪತ್ತರ ದಶಕದಲ್ಲಿ ಆದಾಯ ತೆರಿಗೆ 97.75% ವರೆಗೂ ಏರಿತ್ತಲ್ಲ, ಆಗಿನ ಎರಡು ಲೆಕ್ಕದ ಪುಸ್ತಕಗಳ ಕಥೆ ತೆಗೆದರು. ಒಂದು ಗಲ್ಲಾದ ಮೇಲೆ, ಇನ್ನೊಂದು ಅಕ್ಕಿ ಡಬ್ಬದ ಹಿಂದೆ.

ಬಿಲ್ಲು ಕೊನೆಗೆ ನಾನೇ ಕೊಟ್ಟೆ.