ಐದರಲ್ಲಿ ಎಷ್ಟು ಅಂಕ ಕೊಡಲಿ?

ಹೋದ ತಿಂಗಳು ಕಾಲೇಜಿನಿಂದ ಒಂದು ಫಾರಂ ಬಂತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಇದೆ, ಹಳೆಯ ವಿದ್ಯಾರ್ಥಿಗಳು ಕೋರ್ಸ್ ಬಗ್ಗೆ ಅಭಿಪ್ರಾಯ ಬರೆದು ಕೊಡಬೇಕು ಅಂತ. ಪಠ್ಯಕ್ರಮ ಹೇಗಿತ್ತು? ಕೆಲಸಕ್ಕೆ ಬಂತಾ? ಐದರಲ್ಲಿ ಎಷ್ಟು ಅಂಕ? ಪೆನ್ನು ಹಿಡಿದು ಕೂತೆ. ಕೈ ಓಡಲಿಲ್ಲ.

ನಾನು ಸೇರಿದ್ದು 2009ರಲ್ಲಿ. ವ್ಯಾಪಾರ ನಿರ್ವಹಣೆ ಕಲಿಸುವ ಡಿಗ್ರಿ; ಆಗ ಅದು ಬಿಬಿಎಂ, ಈಗ ಬಿಬಿಎ. ಬೆಂಗಳೂರು ವಿಶ್ವವಿದ್ಯಾಲಯ ಇನ್ನೂ ಒಂದೇ ಇತ್ತು, ಮೂರಾಗಿದ್ದು 2017ರಲ್ಲಿ. ಅಪ್ಪ ಪೀಣ್ಯದಲ್ಲಿ ಲೇತ್ ಮೇಲೆ ದುಡಿಯುತ್ತಿದ್ದರು. ಖಾಸಗಿ ಕಾಲೇಜಿನ ಫೀಸು ನಮ್ಮ ಕೈಲಿ ಆಗುವ ಮಾತಾಗಿರಲಿಲ್ಲ. ಬಸ್ ಪಾಸು, ಅವೆನ್ಯೂ ರಸ್ತೆಯ ಹಳೆ ಪುಸ್ತಕ, ಇಷ್ಟರಲ್ಲೇ ಡಿಗ್ರಿ ಮುಗಿಯಿತು.

ಕೊನೆ ವರ್ಷದ ಪ್ರಾಜೆಕ್ಟಿಗೆ ಫೈನಾನ್ಸ್ ಮೇಡಂ ನನ್ನನ್ನು ಕೆ.ಆರ್. ಮಾರ್ಕೆಟ್ಟಿಗೆ ಕಳಿಸಿದರು. ಬೆಳಗಿನ ಜಾವ ನಾಲ್ಕೂವರೆ. ಸೇವಂತಿಗೆ ಮಾರುವ ಅಕ್ಕ ಗೋಣಿಚೀಲ ಸರಿಸಿ ಜಾಗ ಕೊಟ್ಟರು.

"ಬೆಳಗ್ಗೆ ಒಂಬೈನೂರು ಇಸ್ಕೊಂಡ್ರೆ ಸಂಜೆ ಸಾವಿರ ಕೊಡ್ಬೇಕು ಕಣಪ್ಪಾ" ಅಂದರು.

ಅಲ್ಲೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ 100 ರೂಪಾಯಿ ಬಡ್ಡಿ. ನೂರಕ್ಕೆ ಹನ್ನೊಂದು ರೂಪಾಯಿಗೂ ಜಾಸ್ತಿ, ಅದೂ ಒಂದೇ ದಿನಕ್ಕೆ. ಒಂಬತ್ತು ದಿನದ ಬಡ್ಡಿ ಸೇರಿದರೆ ಅಸಲಿನಷ್ಟೇ ಆಗುತ್ತದೆ. ಹೊತ್ತು ಏರಿದ ಹಾಗೆ ಹೂವಿನ ರೇಟು ಇಳಿಯುತ್ತದೆ, ಉಳಿದದ್ದು ಬಾಡುತ್ತದೆ. ಬಡ್ಡಿ ಮಾತ್ರ ಅಷ್ಟೇ ಇರುತ್ತದೆ. ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾದ ದುಡ್ಡು, ಅನ್ನುವುದನ್ನು ಸುಮ್ನೆ ಬಾಯಿಪಾಠ ಮಾಡಿ ಪಾಸಾಗಿದ್ದೆ. ಅದರ ಅರ್ಥ ತಿಳಿದದ್ದು ಆ ಗೋಣಿಚೀಲದ ಪಕ್ಕದಲ್ಲಿ. ನನ್ನ ವರದಿಯಲ್ಲಿ ಒಂಬತ್ತು ದಿನದ ಆ ಸಾಲಿಗೆ ಮೇಡಂ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಆ ಪ್ರತಿ ಇವತ್ತಿಗೂ ನನ್ನ ಹತ್ತಿರ ಇದೆ.

ಈಗ ಸಣ್ಣ ವ್ಯಾಪಾರಿಗಳ ಸಾಲದ ಅರ್ಜಿ ನೋಡುವುದೇ ನನ್ನ ಕೆಲಸ. ದುಡ್ಡು ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಅಂತ ಮೊದಲು ಕೇಳುತ್ತೇನೆ. ಬ್ಯಾಲೆನ್ಸ್ ಶೀಟು ಆಮೇಲೆ.

ಕೊರತೆಯನ್ನೂ ಹೇಳಬೇಕು, ಅಲ್ವಾ? ಕಂಪ್ಯೂಟರ್ ವಿಷಯದಲ್ಲಿ ನೂರಕ್ಕೆ ಎಂಬತ್ತು ತೆಗೆದಿದ್ದೆ, ಎಲ್ಲಾ ಪೇಪರಿನ ಮೇಲೆ. ಮೊದಲ ಇಂಟರ್‌ವ್ಯೂನಲ್ಲಿ ಎಕ್ಸೆಲ್ ತೆರೆದು ಕೂರಿಸಿದಾಗ ಕೈ ನಡುಗಿತು. ಆ ಕೆಲಸ ಸಿಗಲಿಲ್ಲ. ನನ್ನ ಜೊತೆ ಓದಿದ ಎಷ್ಟೋ ಮಂದಿಗೆ ಹೀಗೇ ಆಯಿತು. ಅದು ನನಗೆ ಈಗಲೂ ನೋವಿನ ವಿಷಯ.

ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಬಂದು ನಿಂತಿತು. ಅದೇ ವರ್ಷದಿಂದ ಬಿಬಿಎ ಎಐಸಿಟಿಇ ಅನ್ನುವ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ ಅಡಿಗೂ ಬಂದಿದೆ. ಒಳ್ಳೆಯದೇ. ಆದರೆ ಹುಡುಗರನ್ನು ಹೊರಗೆ ಕಳಿಸುತ್ತಾರಾ ಅನ್ನುವುದೇ ನನ್ನ ಪ್ರಶ್ನೆ.

ಪಠ್ಯಕ್ರಮಕ್ಕೆ ಮೂರು ಹಾಕಿದೆ, ಲ್ಯಾಬಿಗೆ ಒಂದು. ಮೇಷ್ಟರುಗಳ ಸಾಲಿನಲ್ಲಿ ಐದಕ್ಕೆ ಗುರುತು ಹಾಕಿದೆ. ಕೊನೆಯ ಖಾಲಿ ಜಾಗದಲ್ಲಿ ಹೀಗೆ ಬರೆದೆ: "ಪ್ರಾಜೆಕ್ಟನ್ನು ಅಂಗಡಿಯಿಂದ ಬೈಂಡ್ ಮಾಡಿಸಿ ತರಲು ಬಿಡಬೇಡಿ. ಮಾರ್ಕೆಟ್ಟಿಗೆ ಕಳಿಸಿ. ಲ್ಯಾಬಿನ ಮಕ್ಕಳಿಗೆ ಶನಿವಾರ ಬಂದು ಎಕ್ಸೆಲ್ ಹೇಳಿಕೊಡಲು ನಾನು ತಯಾರಿದ್ದೇನೆ." ಕೆಳಗೆ ಫೋನ್ ನಂಬರ್ ಬರೆದು ಸಹಿ ಹಾಕಿದೆ.