ಇಂಗಿನ ವಾಸನೆ ಬರುವವರೆಗೆ

ಮೂಗಿನ ನಡುಗೋಡೆ ಎಡಕ್ಕೆ ವಾಲಿದೆ, ನೆಟ್ಟಗೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಪ್ರತಿ ಸಲವೂ ಅಡಿಕೆ ಕೊಯ್ಲಿನ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಭಯ. ಅರಿವಳಿಕೆ ಕೊಟ್ಟ ಮೇಲೆ ಏಳದೇ ಹೋದರೆ?

ಎದ್ದೆ. ನೋವೂ ಅಷ್ಟಿರಲಿಲ್ಲ, ಹಲ್ಲು ಕೀಳಿಸಿದಾಗ ಇದಕ್ಕಿಂತ ಹೆಚ್ಚು ನೊಂದಿದ್ದೆ. ಕಾಡಿದ್ದು ರಕ್ತ ಸುರಿಯದಿರಲೆಂದು ಎರಡೂ ಹೊಳ್ಳೆಗಳಿಗೆ ತುರುಕಿದ್ದ ಸ್ಪಂಜು, ಅವರ ಮಾತಲ್ಲಿ ಪ್ಯಾಕ್. ಬಾಯಿಯಲ್ಲೇ ಉಸಿರಾಡಿ ನಾಲಿಗೆ ಹಪ್ಪಳವಾಯಿತು. ನೀರು ನುಂಗಿದರೆ ಕಿವಿ ಗಪ್ಪೆಂದು ಮುಚ್ಚಿಕೊಳ್ಳುತ್ತಿತ್ತು. ಹೆಂಡತಿ ತಂದ ಸಾರು ಬರೀ ಬಿಸಿನೀರು. ಇಂಗಿನ ವಾಸನೆ ಬಾರದ ಸಾರು ಸಾರೇ ಅಲ್ಲ. ರಾತ್ರಿಯಿಡೀ ಎರಡು ದಿಂಬಿಗೆ ಒರಗಿ ಗಡಿಯಾರ ನೋಡಿದೆ.

ಮರುದಿನ ಪ್ಯಾಕ್ ತೆಗೆಯಲು ಬಂದಾಗ ಮಂಚದ ಕಂಬಿ ಹಿಡಿದುಕೊಂಡೆ. "ಬಾಯಲ್ಲಿ ಉಸಿರು ಬಿಡಿ ಅಣ್ಣಾ" ಎಂದ ನರ್ಸ್ ಮಾತು ಮುಗಿಯುವ ಮೊದಲೇ ಒಂದನ್ನು ಎಳೆದಾಗಿತ್ತು. ಕಣ್ಣಲ್ಲಿ ನೀರು ಚಿಮ್ಮಿತು. ಟ್ರೇಯಲ್ಲಿ ಬೆರಳುದ್ದದ ಕೆಂಪು ಸ್ಪಂಜು. ಇಷ್ಟುದ್ದದ್ದು ಒಳಗೆ ಹೇಗೆ ಹಿಡಿಸಿತ್ತೋ!

ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಭಾರ ಎತ್ತಬಾರದು ಎಂದು ಹೇಳಿ ಮನೆಗೆ ಕಳಿಸಿದರು. ಉಪ್ಪುನೀರಿನಲ್ಲಿ ತೊಳೆದಾಗಲೆಲ್ಲ ಕರಿ ಹಕ್ಕಳೆ ಉದುರುತ್ತಿತ್ತು. ಹನ್ನೊಂದನೇ ದಿನ ಬೆಳಿಗ್ಗೆ ಒಗ್ಗರಣೆಯ ಘಾಟು ತಟ್ಟನೆ ಬಡಿಯಿತು. ಇಂಗು ಹೆಚ್ಚಾಗಿದೆ ಎಂದೆ. ಅವಳು ಸೌಟು ಹಿಡಿದೇ ತಿರುಗಿ ನೋಡಿದಳು.